ಕಟ್ಟಿಗೆಯೊಳಗಿನ ನೀರು

ಹಸಿ ಸೌದೆಯನ್ನು ಒಲೆಗಿಟ್ಟು ಊದುಕೊಳವೆ ಹಿಡಿದವರಿಗೆಲ್ಲ ಈ ನೋಟ ಗೊತ್ತು. ಒಲೆಯೊಳಗಿರುವ ತುದಿ ಕರಿಕಾಗುತ್ತಿರುತ್ತದೆ. ಹೊರಗೆ ಚಾಚಿಕೊಂಡ ತುದಿಯಲ್ಲಿ, ಬೆಂಕಿಯಿಂದ ಒಂದು ಮೊಳ ದೂರದಲ್ಲಿ, ಚುಂಯ್ ಎಂದು ಸದ್ದು ಮಾಡುತ್ತ ನೊರೆ ಉಕ್ಕುತ್ತದೆ. ನೊರೆಯ ಬೆನ್ನಿಗೇ ಬಿಸಿನೀರು ತೊಟ್ಟಿಕ್ಕುತ್ತದೆ. ಬೆಂಕಿ ಇರುವುದು ಆ ಕಡೆ, ನೀರು ಬರುವುದು ಈ ಕಡೆ! ಇನ್ನೂ ವಿಚಿತ್ರವೆಂದರೆ, ಸೌದೆಯ ಮೈಯುದ್ದಕ್ಕೂ ತೊಗಟೆಯ ಮೇಲೆ ಎಲ್ಲಿಯೂ ಒಂದು ಹನಿ ಕಾಣಿಸುವುದಿಲ್ಲ. ಗರಗಸ ಕೊಯ್ದ ಜಾಗದಲ್ಲಿ ಮಾತ್ರ ನೀರು ಹೊರಬೀಳುತ್ತದೆ.

ಇಷ್ಟು ಹತ್ತಿರದಿಂದ, ಇಷ್ಟು ಸಲ ನೋಡಿದ ಸಂಗತಿಯ ಕಾರಣ ಕೇಳಿದರೆ ಬಹಳ ಮಂದಿ ಹಸಿ ಇದೆ, ಅದಕ್ಕೇ ಎಂದು ಹೇಳಿ ಸುಮ್ಮನಾಗುತ್ತಾರೆ. ಹಸಿ ಇರುವುದು ನಿಜ. ಆದರೆ ತುದಿಯಲ್ಲೇ ಏಕೆ? ನಾರ್ವೆಯ ರೈತ ಫೆಬ್ರವರಿಯ ಹಿಮದಲ್ಲಿ ನಿಂತು ಬರ್ಚ್ ದಿಮ್ಮಿಯನ್ನು ಗೇಣುದ್ದಕ್ಕಿಂತ ಸ್ವಲ್ಪ ದೊಡ್ಡ ತುಂಡುಗಳಾಗಿ ಕೊಯ್ಯುವುದಕ್ಕೂ, ಅದನ್ನು ಸೀಳುವುದಕ್ಕೂ, ಸೀಳಿದ್ದನ್ನು ಗಾಳಿಗೆ ಎದುರಾಗಿ ಒಟ್ಟುವುದಕ್ಕೂ ಕಾರಣ ಆ ತುದಿಯಲ್ಲಿದೆ. ಮಲೆನಾಡಿನವರು ಮಳೆ ಹಿಡಿಯುವ ಮೊದಲೇ ಕಟ್ಟಿಗೆ ಕೊಟ್ಟಿಗೆ ತುಂಬಿಸಿಕೊಳ್ಳುವ ಅವಸರಕ್ಕೂ ಅದೇ ಕಾರಣ.

ಬೇರಿನಿಂದ ಎಲೆಗೆ

ಮರ ಬದುಕಿರುವಾಗ ಕಾಂಡಕ್ಕೆ ಎರಡು ದೊಡ್ಡ ಕೆಲಸಗಳಿರುತ್ತವೆ. ಎಲೆಗಳನ್ನು ಬಿಸಿಲಿಗೆ ಎತ್ತಿ ಹಿಡಿಯಬೇಕು. ಬೇರು ಹೀರಿದ ನೀರನ್ನು ಆ ಎಲೆಗಳಿಗೆ ಮುಟ್ಟಿಸಬೇಕು. ಎರಡನೆಯ ಕೆಲಸಕ್ಕಾಗಿ ಕಾಂಡದ ತುಂಬ ಕೆಳಗಿನಿಂದ ಮೇಲಕ್ಕೆ ಸಾಗುವ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ. ಸಸ್ಯವಿಜ್ಞಾನದಲ್ಲಿ ವೆಸೆಲ್ ಎಂದು ಕರೆಯುವ ಇವನ್ನು ಇಲ್ಲಿ ನೀರ್ಗೊಳವೆ ಎನ್ನೋಣ. ಓಕ್ ಮರದಲ್ಲಿ ಇವು ಎಷ್ಟು ಅಗಲವೆಂದರೆ, ನುಣುಪಾಗಿ ಕೊಯ್ದ ತುದಿಯಲ್ಲಿ ಸೂಜಿಮೊನೆಯಷ್ಟರ ರಂಧ್ರಗಳಾಗಿ ಬರಿಗಣ್ಣಿಗೇ ಕಾಣುತ್ತವೆ.

ಇವು ನಿಜವಾಗಿಯೂ ಟೊಳ್ಳು ಎನ್ನಲು ಒಂದು ಸುಲಭ ಪರೀಕ್ಷೆ ಇದೆ. ಅಮೆರಿಕದ ಕೆಂಪು ಓಕ್‌ನ ಒಂದು ಒಣ ತುಂಡಿನ ತುದಿಯನ್ನು ನೀರಿನಲ್ಲಿ ಅದ್ದಿ ಇನ್ನೊಂದು ತುದಿಯಿಂದ ಊದಿದರೆ ನೀರಿನಲ್ಲಿ ಗುಳ್ಳೆಗಳೇಳುತ್ತವೆ. ನಾರ್ವೆಯಲ್ಲಿ ಬರ್ಚ್ ಸೌದೆಯ ಒಂದು ತುದಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಸವರಿ ಇನ್ನೊಂದು ತುದಿಯಿಂದ ಊದಿ ನೋಡುವವರಿದ್ದಾರೆ. ಗುಳ್ಳೆ ಬಂದರೆ ಕಟ್ಟಿಗೆ ಒಣಗಿದೆ ಎಂದು ಲೆಕ್ಕ, ಏಕೆಂದರೆ ಹಸಿ ಕಟ್ಟಿಗೆಯ ಕೊಳವೆಗಳಲ್ಲಿ ನೀರು ತುಂಬಿಕೊಂಡು ಉಸಿರಿಗೆ ದಾರಿ ಇರುವುದಿಲ್ಲ.

ಬಿಳಿ ಓಕ್‌ನಲ್ಲಿ ಈ ಆಟ ನಡೆಯುವುದಿಲ್ಲ. ಅದರ ಚೇಗಿನಲ್ಲಿ ಹಳೆಯ ನೀರ್ಗೊಳವೆಗಳೊಳಗೆ ಪಕ್ಕದ ಜೀವಕೋಶಗಳು ಉಬ್ಬಿ ನುಗ್ಗಿ ಬಿರಡೆ ಹಾಕಿಬಿಡುತ್ತವೆ. ದ್ರಾಕ್ಷಾರಸದ ಪೀಪಾಯಿಗಳನ್ನು ಬಿಳಿ ಓಕ್‌ನಲ್ಲಿ ಮಾಡುವುದು ಇದಕ್ಕೇ. ಕೆಂಪು ಓಕ್‌ನ ಪೀಪಾಯಿ ಸೋರುತ್ತದೆ. ಆದರೆ ಪೀಪಾಯಿಗೆ ವರವಾದ ಗುಣ ಸೌದೆಗೆ ಶಾಪ. ನೀರು ಹೊರಹೋಗುವ ದಾರಿ ಮುಚ್ಚಿರುವುದರಿಂದ ಬಿಳಿ ಓಕ್ ಸೌದೆ ಒಣಗಲು ಎರಡು ವರ್ಷ ಕಾಯುವುದು ಯುರೋಪಿನಲ್ಲೂ ಅಮೆರಿಕದಲ್ಲೂ ಸಾಮಾನ್ಯ.

ಮರದೊಳಗೆ ಎಷ್ಟು ನೀರಿರಬಹುದು ಎಂಬುದಕ್ಕೆ ನಮ್ಮ ಕಾಡುಗಳಲ್ಲೇ ಒಂದು ಅಚ್ಚರಿಯ ಉದಾಹರಣೆ ಇದೆ. ಕೆಲವು ಮತ್ತಿ ಮರಗಳ ಕಾಂಡದಲ್ಲಿ ಉಬ್ಬುಗಳಿರುತ್ತವೆ; ಅವನ್ನು ಕೊಚ್ಚಿದರೆ ಬೇಸಿಗೆಯಲ್ಲೂ ನೀರು ಚಿಮ್ಮುತ್ತದೆ. 2024ರಲ್ಲಿ ಆಂಧ್ರಪ್ರದೇಶದ ಪಾಪಿಕೊಂಡ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಸಿಬ್ಬಂದಿ ಇಂಥ ಒಂದು ಮರದ ಉಬ್ಬಿಗೆ ಏಟು ಹಾಕಿದಾಗ ನೀರು ಧಾರೆಯಾಗಿ ಸುರಿದದ್ದನ್ನು ದೇಶವೆಲ್ಲ ವಿಡಿಯೊದಲ್ಲಿ ನೋಡಿತು. ಎಲ್ಲ ಮರಗಳೂ ಹೀಗೆ ಸುರಿಸುವುದಿಲ್ಲ. ಆದರೂ ಆಗತಾನೇ ಕಡಿದ ಬಹುಪಾಲು ಮರಗಳ ತೂಕದಲ್ಲಿ ಅರ್ಧದ ಹತ್ತಿರದಷ್ಟು ನೀರೇ ಇರುತ್ತದೆ. ನೂರು ಕಿಲೊ ಹಸಿ ಸೌದೆ ಹೊತ್ತು ತಂದವರು ನಲವತ್ತು, ಐವತ್ತು ಕಿಲೊ ನೀರನ್ನೂ ಹೊತ್ತು ತಂದಿರುತ್ತಾರೆ.

ಈಗ ಒಲೆಯ ಮುಂದಿನ ನೊರೆಗೆ ಉತ್ತರ ಸಿಕ್ಕಿತು. ಬೆಂಕಿಯಲ್ಲಿರುವ ತುದಿಯ ನೀರು ಕುದಿದು ಆವಿಯಾಗುತ್ತದೆ. ಆವಿಗೆ ನೀರಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ತನ್ನ ಮುಂದಿನ ನೀರನ್ನು ಒತ್ತಿ ತಳ್ಳುತ್ತದೆ; ತಳ್ಳಿಸಿಕೊಂಡ ನೀರು ಮರ ಬದುಕಿದ್ದಾಗ ಸಾಗುತ್ತಿದ್ದ ಅದೇ ದಾರಿಯಲ್ಲಿ ಓಡಿ ಕೊಯ್ದ ಬಾಯಿಯಲ್ಲಿ ಹೊರಬೀಳುತ್ತದೆ. ಮರದ ರಸದಲ್ಲಿ ಕರಗಿದ ವಸ್ತುಗಳಿಂದಾಗಿ ಅದು ನೊರೆಗಟ್ಟುತ್ತದೆ. ತೊಗಟೆಯ ಕಡೆಗೆ ತೆರೆದ ಬಾಯಿಗಳಿಲ್ಲ. ಕಟ್ಟಿಗೆಯಲ್ಲಿ ತೇವ ಅಡ್ಡಕ್ಕೆ ಸಾಗುವುದಕ್ಕಿಂತ ಉದ್ದಕ್ಕೆ 10ರಿಂದ 15 ಪಟ್ಟು ವೇಗವಾಗಿ ಸಾಗುತ್ತದೆ. ಸೌದೆಯ ವಿಜ್ಞಾನವೆಲ್ಲ ಈ ಒಂದು ಅಂಕಿಯ ಸುತ್ತ ತಿರುಗುತ್ತದೆ.

ಹಿಂಡಿದರೂ ಉಳಿಯುವ ತೇವ

ಕಟ್ಟಿಗೆಯ ನೀರೆಲ್ಲ ಒಂದೇ ಬಗೆಯದಲ್ಲ. ಕೆರೆಯಲ್ಲಿ ಅದ್ದಿ ತೆಗೆದ ಪಂಚೆಯನ್ನು ನೆನೆದುಕೊಳ್ಳಿ. ಎತ್ತಿದ ಕೂಡಲೇ ನೀರು ಧೋ ಎಂದು ಇಳಿಯುತ್ತದೆ, ಹಿಂಡಿದರೆ ಇನ್ನಷ್ಟು ಹೋಗುತ್ತದೆ. ಆಮೇಲೆ ಎಷ್ಟೇ ತಿರುಚಿದರೂ ಹನಿ ಬೀಳುವುದಿಲ್ಲ. ಆದರೂ ಪಂಚೆ ಒದ್ದೆಯೇ. ಮೊದಲು ಹೋದದ್ದು ಎಳೆಗಳ ನಡುವಿನ ನೀರು, ಉಳಿದದ್ದು ಎಳೆಯೊಳಗೇ ಸೇರಿಕೊಂಡದ್ದು. ಅದನ್ನು ಬಿಸಿಲು ಗಾಳಿಗಳೇ ತೆಗೆಯಬೇಕು.

ಕಟ್ಟಿಗೆಯಲ್ಲೂ ಹೀಗೆಯೇ. ಕೊಳವೆಗಳ ಟೊಳ್ಳಿನಲ್ಲಿ ತುಂಬಿಕೊಂಡದ್ದು ಬಿಡಿನೀರು. ಕೊಳವೆಗಳ ಗೋಡೆಯ ನಾರಿಗೇ ಅಂಟಿಕೊಂಡದ್ದು ಕಟ್ಟುನೀರು. ನೂರು ಕಿಲೊ ಒಣನಾರು ಸುಮಾರು 30 ಕಿಲೊ ನೀರನ್ನು ಗೋಡೆಯಲ್ಲೇ ಹಿಡಿದಿಟ್ಟುಕೊಳ್ಳಬಲ್ಲದು. ಅದಕ್ಕಿಂತ ಹೆಚ್ಚಿನದೆಲ್ಲ ಬಿಡಿನೀರು. ಒಣಗುವಾಗ ಮೊದಲು ಬಿಡಿನೀರು ಹೋಗುತ್ತದೆ. ಆ ಹಂತದಲ್ಲಿ ಕಟ್ಟಿಗೆ ಹಗುರಾಗುತ್ತದೆಯೇ ಹೊರತು ಗಾತ್ರದಲ್ಲಿ ಕುಗ್ಗುವುದಿಲ್ಲ. ಬಿಡಿನೀರು ಮುಗಿದು ಕಟ್ಟುನೀರು ಕದಲತೊಡಗಿದಾಗ ಗೋಡೆಗಳು ತೆಳುವಾಗುತ್ತವೆ, ಕಟ್ಟಿಗೆ ಕುಗ್ಗುತ್ತದೆ.

ಆ ಕುಗ್ಗುವಿಕೆಯೂ ಎಲ್ಲ ಕಡೆಗೆ ಸಮನಾಗಿರುವುದಿಲ್ಲ. ಉದ್ದದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಾಂಡದ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವುದು, ನಡುವಿನಿಂದ ಹೊರಮೈಗೆ ಸಾಗುವ ದಿಕ್ಕಿನಲ್ಲಿ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು ಹೆಚ್ಚು. ಸುತ್ತಳತೆ ಬೇಗ ಬೇಗ ಕಿರಿದಾಗಿ, ಒಳಗಿನ ತಿರುಳು ಅಷ್ಟು ಬೇಗ ಕಿರಿದಾಗದೆ ಹೋದರೆ ಎಲ್ಲೋ ಒಂದು ಕಡೆ ಬಿರಿಯಲೇಬೇಕು. ಒಣಗಿದ ಕಟ್ಟಿಗೆಯ ತುದಿಯಲ್ಲಿ ನಡುವಿನಿಂದ ಅಂಚಿಗೆ ಹೋಗುವ ಬಿರುಕುಗಳು ಹೀಗೆ ಹುಟ್ಟುತ್ತವೆ. ಸೌದೆ ಕೊಳ್ಳುವವರು ತುದಿಯ ಬಿರುಕು ನೋಡುವುದು, ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ಟಣ್ ಎನ್ನುತ್ತದೋ ದಬ್ ಎನ್ನುತ್ತದೋ ಎಂದು ಕಿವಿಗೊಡುವುದು ಬರಿಯ ಶಾಸ್ತ್ರವಲ್ಲ. ಬಿರುಕು ಬಂದಿದೆ ಎಂದರೆ ಕನಿಷ್ಠ ಹೊರಮೈಯಲ್ಲಾದರೂ ಕಟ್ಟುನೀರು ಹೊರಡಲು ಶುರುವಾಗಿದೆ ಎಂದರ್ಥ.

ಒಲೆಗೆ ಯೋಗ್ಯವಾದ ಸೌದೆಯ ಒಟ್ಟು ತೂಕದಲ್ಲಿ ನೀರಿನ ಪಾಲು ನೂರಕ್ಕೆ 20ನ್ನು ಮೀರಬಾರದು ಎಂಬುದು ಹಲವು ದೇಶಗಳಲ್ಲಿ ಒಪ್ಪಿತವಾದ ಮಿತಿ. ಇದನ್ನು ಒಣನಾರಿನ ಲೆಕ್ಕಕ್ಕೆ ತಂದರೆ ನೂರು ಕಿಲೊ ನಾರಿಗೆ 25 ಕಿಲೊ ನೀರು. ಬಿಡಿನೀರು ಪೂರ್ತಿ ಹೋಗಿ, ಕಟ್ಟುನೀರಿಗೂ ಸ್ವಲ್ಪ ಕೈಹಾಕಿದ ಹಂತ ಅದು. ಅದಕ್ಕಿಂತ ಮೇಲೆ ಇದ್ದರೆ ಬೆಂಕಿಗೆ ಏನಾಗುತ್ತದೆ?

ಜ್ವಾಲೆ ಕಟ್ಟಿಗೆಯದಲ್ಲ

ಮೇಣದಬತ್ತಿಯನ್ನು ಊದಿ ಆರಿಸಿದರೆ ಬತ್ತಿಯಿಂದ ಬಿಳಿ ಹೊಗೆಯ ಎಳೆ ಏಳುತ್ತದೆ. ಬೆಂಕಿಕಡ್ಡಿಯನ್ನು ಬತ್ತಿಗೆ ಮುಟ್ಟಿಸದೆ ಆ ಹೊಗೆಗೆ ಹಿಡಿದರೆ ಜ್ವಾಲೆ ಹೊಗೆಯ ಗುಂಟ ಕೆಳಗಿಳಿದು ಬತ್ತಿ ಮತ್ತೆ ಹೊತ್ತಿಕೊಳ್ಳುತ್ತದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1860ರ ಚಳಿಗಾಲದಲ್ಲಿ ಮಕ್ಕಳಿಗಾಗಿ ಮೈಕೆಲ್ ಫ್ಯಾರಡೆ ಮೇಣದಬತ್ತಿಯ ಬಗ್ಗೆ ಸರಣಿ ಉಪನ್ಯಾಸ ಕೊಟ್ಟಾಗ ಇದನ್ನು ಮಾಡಿ ತೋರಿಸಿದ. ಉರಿಯುತ್ತಿರುವುದು ಮೇಣವಲ್ಲ, ಮೇಣದಿಂದ ಎದ್ದ ಆವಿ ಎಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಬೇಕಿಲ್ಲ.

ಕಟ್ಟಿಗೆಯಲ್ಲೂ ಅಷ್ಟೇ. ಬಿಸಿ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನಾರು ಒಡೆದು ಅನಿಲಗಳಾಗತೊಡಗುತ್ತದೆ. 300 ದಾಟಿದರೆ ಆ ಕೆಲಸ ಬಿರುಸಾಗುತ್ತದೆ. ಒಣಕಟ್ಟಿಗೆಯ ತೂಕದ ಮುಕ್ಕಾಲು ಪಾಲಿಗೂ ಹೆಚ್ಚು ಹೀಗೆ ಅನಿಲವಾಗಿ ಎದ್ದುಹೋಗುತ್ತದೆ. ಹಳದಿ ನಾಲಗೆ ಚಾಚಿ ಉರಿಯುವುದು ಈ ಅನಿಲ. ಎಲ್ಲ ಅನಿಲವೂ ಹೋದಮೇಲೆ ಉಳಿಯುವ ಇದ್ದಿಲು ಜ್ವಾಲೆಯಿಲ್ಲದ ಕೆಂಡವಾಗಿ ಉರಿಯುತ್ತದೆ. ಬರಿಯ ಕೆಂಡದ ಒಲೆಯಲ್ಲಿ ಹೊಗೆ ಇರದಿರುವುದು ಇದೇ ಕಾರಣಕ್ಕೆ.

ಅನಿಲ ಪೂರ್ತಿ ಉರಿಯಬೇಕಾದರೆ ಅದಕ್ಕೆ ಗಾಳಿಯೂ ಬೇಕು, ಸುಮಾರು 600 ಡಿಗ್ರಿಯಷ್ಟು ಬಿಸಿಯೂ ಬೇಕು. ಹಸಿ ಕಟ್ಟಿಗೆ ಸೋಲುವುದು ಇಲ್ಲಿಯೇ. ನೀರಿರುವ ಭಾಗ, ಆ ನೀರು ಆವಿಯಾಗಿ ಮುಗಿಯುವ ತನಕ, 100 ಡಿಗ್ರಿಯಿಂದ ಮೇಲೇರುವುದಿಲ್ಲ. ಬೆಂಕಿಯ ಬಿಸಿಯೆಲ್ಲ ಕುದಿಸುವುದಕ್ಕೇ ಖರ್ಚು.

ಎಷ್ಟು ಖರ್ಚು ಎಂದು ಲೆಕ್ಕ ಹಾಕಿದರೆ ಒಂದು ಅಚ್ಚರಿ ಕಾದಿದೆ. ಒಂದು ಕಿಲೊ ಪೂರ್ತಿ ಒಣಗಿದ ಕಟ್ಟಿಗೆಯಲ್ಲಿ, ಕರೆಂಟ್ ಬಿಲ್ಲಿನ ಯೂನಿಟ್ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 5 ಯೂನಿಟ್ ಶಾಖ ಇದೆ. ಅರ್ಧಕ್ಕರ್ಧ ನೀರಿರುವ ಒಂದು ಕಿಲೊ ಹಸಿ ಕಟ್ಟಿಗೆಯಲ್ಲಿ ನಾರು ಅರ್ಧ ಕಿಲೊ, ಅಂದರೆ ಎರಡೂವರೆ ಯೂನಿಟ್. ಅದರಲ್ಲಿರುವ ಅರ್ಧ ಲೀಟರ್ ನೀರನ್ನು ಕುದಿಸಿ ಆವಿ ಮಾಡಲು ಬೇಕಾದ ಶಾಖ 0.36 ಯೂನಿಟ್ ಮಾತ್ರ. ಏಳರಲ್ಲಿ ಒಂದು ಪಾಲು! ನೀರು ನೇರವಾಗಿ ಕಸಿದುಕೊಳ್ಳುವುದು ಇಷ್ಟೇ ಆಗಿದ್ದರೆ ಹಸಿ ಸೌದೆಯ ಒಲೆ ಸ್ವಲ್ಪ ಮಂದವಾಗಿ ಉರಿಯಬೇಕಿತ್ತು, ಅಷ್ಟೇ. ಅದು ಗೋಳು ಹೊಯ್ದುಕೊಳ್ಳುವುದಕ್ಕೆ ಕಾರಣ ಬೇರೆ. ತಣ್ಣಗಾದ ಒಲೆಯಲ್ಲಿ ಅನಿಲಗಳು ಹುಟ್ಟುತ್ತವೆ, ಆದರೆ ಹೊತ್ತಿಕೊಳ್ಳುವ ಬಿಸಿ ಸಿಗದೆ ಹಾಗೆಯೇ ಮೇಲೇರುತ್ತವೆ. ಕಣ್ಣು ಉರಿಸುವ ಆ ಹೊಗೆ ಉರಿಯದೆ ಹೋದ ಇಂಧನ. ನೀರು ಕದ್ದದ್ದಕ್ಕಿಂತ ನೀರಿನಿಂದಾಗಿ ಹೊಗೆಯಾಗಿ ಹೋದದ್ದು ಹೆಚ್ಚು.

ಹೋದದ್ದು ಹೋಯಿತು ಎನ್ನುವಂತೆಯೂ ಇಲ್ಲ. ತಣ್ಣನೆಯ ಚಿಮಣಿಯ ಗೋಡೆಗೆ ತಗುಲಿ ಹೊಗೆ ಡಾಂಬರಾಗಿ ಅಂಟಿಕೊಳ್ಳುತ್ತದೆ. ವರ್ಷಗಟ್ಟಲೆ ಸೇರಿದ ಆ ಪದರ ಒಂದು ದಿನ ಹೊತ್ತಿಕೊಂಡರೆ ಮರದ ಮನೆಗಳ ಊರುಗಳಲ್ಲಿ ಅನಾಹುತ. ಚಿಮಣಿ ಇಲ್ಲದ ಅಡುಗೆಮನೆಯಲ್ಲಿ ಅದೇ ಹೊಗೆ ಗಳು, ಜಂತೆ, ಹೆಂಚಿಗೆ ಅಂಟುತ್ತದೆ. ಒಲೆಯ ಮುಂದೆ ಕುಳಿತವರ ಎದೆಯೊಳಗೂ ಇಳಿಯುತ್ತದೆ.

ಕೊಡಲಿ ತೆರೆಯುವ ಬಾಗಿಲು

ಇಷ್ಟು ತಿಳಿದ ಮೇಲೆ ಸೌದೆಯ ಕೆಲಸಗಳನ್ನು ಬೇರೆ ಕಣ್ಣಿನಿಂದ ನೋಡಬಹುದು. ಆರು ಮೀಟರ್ ಉದ್ದದ ದಿಮ್ಮಿಯ ನಡುವಿನ ನೀರು ತುದಿ ತಲುಪಲು ಮೂರು ಮೀಟರ್ ಸಾಗಬೇಕು. ನಾರ್ವೆಯ ಅಂಗಡಿಗಳಲ್ಲಿ ಚೀಲದಲ್ಲಿ ಸಿಗುವ ಸೌದೆಯ ಸಾಮಾನ್ಯ ಉದ್ದ 30 ಸೆಂಟಿಮೀಟರ್. ಅದರಲ್ಲಿ ಯಾವ ಹನಿಯೂ ಬಾಗಿಲಿನಿಂದ 15 ಸೆಂಟಿಮೀಟರಿಗಿಂತ ದೂರವಿಲ್ಲ. ಗರಗಸದ ಪ್ರತಿಯೊಂದು ಕೊಯ್ತವೂ ಸಾವಿರಾರು ಕೊಳವೆಗಳ ಬಾಯಿ ತೆರೆಯುತ್ತದೆ.

ಸೀಳುವುದು ಇನ್ನೊಂದು ಬಗೆಯ ಬಾಗಿಲು. ಬರ್ಚ್ ಮರದಲ್ಲಿ ಇದರ ಅಗತ್ಯ ಎದ್ದು ಕಾಣುತ್ತದೆ. ಅದರ ಬಿಳಿ ತೊಗಟೆ ನೀರನ್ನು ಬಿಡುವುದೇ ಇಲ್ಲ. ನಾರ್ವೆಯ ಹಳ್ಳಿಮನೆಗಳ ಮಾಡಿಗೆ ಹುಲ್ಲುಹೆಂಟೆ ಹೊದಿಸುವ ಮೊದಲು ಸೋರದಂತೆ ಬರ್ಚ್ ತೊಗಟೆಯ ಹಾಳೆಗಳನ್ನು ಹಾಸುವುದು ಹಳೆಯ ಪದ್ಧತಿ. ಹಿಮಾಲಯದಲ್ಲಿ ಬೆಳೆಯುವ ಇದೇ ಕುಲದ ಮರದ ತೊಗಟೆಯೇ ಭೂರ್ಜಪತ್ರ. ಕಾಶ್ಮೀರದ ವಿದ್ವಾಂಸರು ಶತಮಾನಗಳ ಕಾಲ ಅದರ ಮೇಲೆ ಗ್ರಂಥ ಬರೆದರು. ಮಾಡನ್ನೂ ಗ್ರಂಥವನ್ನೂ ಕಾಪಾಡುವ ಈ ಗುಣ, ಸೀಳದೆ ಬಿಟ್ಟ ದಿಮ್ಮಿಯಲ್ಲಿ ಒಳಗಿನ ನೀರನ್ನು ಒಳಗೇ ಕೂಡಿಹಾಕುತ್ತದೆ. ಹಾಗೆ ಬಿದ್ದಿರುವ ಬರ್ಚ್ ಹೊರಗೆ ಬೆಳ್ಳಗೆ ಗಟ್ಟಿಯಾಗಿ ಕಂಡರೂ ಒಳಗೆ ಶಿಲೀಂಧ್ರ ತಿಂದು ಹಿಟ್ಟಾಗಿರುತ್ತದೆ. ಕಡಿದ ಬೆನ್ನಿಗೇ ಸೀಳಬೇಕು, ಇಲ್ಲವಾದರೆ ಕನಿಷ್ಠ ತೊಗಟೆಯ ಮೇಲೆ ಉದ್ದಕ್ಕೆ ಗೀರು ಹಾಕಬೇಕು.

ಸೀಳುವುದು ಸಾಧ್ಯವಾಗುವುದೂ ಆ ಕೊಳವೆಗಳ ದಿಕ್ಕಿನಿಂದಲೇ. ಒಂದು ಕೋಲನ್ನು ಎರಡು ತುದಿ ಹಿಡಿದು ಎಳೆದು ತುಂಡರಿಸಲು ಬೇಕಾದ ಬಲದ ಮುಂದೆ, ಅದರ ನಾರುಗಳನ್ನು ಅಕ್ಕಪಕ್ಕಕ್ಕೆ ಅಗಲಿಸಲು ಬೇಕಾದ ಬಲ ತೀರ ಚಿಕ್ಕದು. ಹತ್ತಾರು ಪಟ್ಟು ಕಡಿಮೆ. ಆದ್ದರಿಂದ ಮರ ಕಡಿಯುವ ಕೊಡಲಿಯೂ ಸೌದೆ ಒಡೆಯುವ ಕೊಡಲಿಯೂ ಬೇರೆ ಬೇರೆ. ಮೊದಲನೆಯದು ತೆಳ್ಳಗೆ, ಹರಿತವಾಗಿ, ನಾರನ್ನು ಅಡ್ಡ ಕತ್ತರಿಸಬೇಕು. ಎರಡನೆಯದು ದಪ್ಪ ಬೆಣೆ. ಅದರ ಅಂಚು ಒಂದೆರಡು ಅಂಗುಲ ಒಳಹೊಕ್ಕರೆ ಸಾಕು, ಕೆನ್ನೆಗಳು ನಾರನ್ನು ಅಗಲಿಸುತ್ತವೆ, ಬಿರುಕು ಕೊಡಲಿಗಿಂತ ಮುಂದೆ ಓಡುತ್ತದೆ. ಫಿನ್‌ಲೆಂಡಿನ ಹೈಕ್ಕಿ ಕಾರ್ನಾ ಎಂಬಾತ ತಲೆಯ ಭಾರವನ್ನು ಬೇಕೆಂದೇ ಒಂದು ಪಕ್ಕಕ್ಕೆ ಸರಿಸಿದ ಕೊಡಲಿ ಮಾಡಿದ. ಏಟು ಬಿದ್ದ ಕ್ಷಣ ಅದು ತಾನಾಗಿ ಹೊರಳಿ ತುಂಡನ್ನು ಮೀಟಿ ಬೇರ್ಪಡಿಸುತ್ತದೆ, ಸಿಕ್ಕಿಹಾಕಿಕೊಳ್ಳುವುದಿಲ್ಲ.

ಎಲ್ಲಿ ಹೊಡೆಯಬೇಕು ಎಂಬುದನ್ನು ಕಟ್ಟಿಗೆಯೇ ಹೇಳುತ್ತದೆ. ಕಾಂಡದ ನಡುವಿನಿಂದ ಹೊರಕ್ಕೆ ಸಾಗುವ ಮೃದುವಾದ ಜೀವಕೋಶಗಳ ಪಟ್ಟಿಗಳಿವೆ. ಆ ಗುಂಟ ಬಿರುಕು ಸಲೀಸಾಗಿ ಹೋಗುತ್ತದೆ. ಒಣಗಿದಾಗ ಮೂಡಿದ ಬಿರುಕಿದ್ದರೆ ಏಟು ಅದರ ಮೇಲೇ ಬೀಳಬೇಕು. ಗಂಟು ಇದ್ದಲ್ಲಿ ಮಾತ್ರ ಎಲ್ಲ ಲೆಕ್ಕ ತಪ್ಪುತ್ತದೆ, ಏಕೆಂದರೆ ಅದು ಕೊಂಬೆಯ ಬುಡ. ಅಲ್ಲಿನ ನಾರು ಕಾಂಡದ ನಾರಿಗೆ ಅಡ್ಡಲಾಗಿ ಹೆಣೆದುಕೊಂಡಿರುತ್ತದೆ. ಅನುಭವಿಗಳು ಗಂಟನ್ನು ಬಿಟ್ಟು ಪಕ್ಕದಿಂದ ಸಿಬಿರು ಸಿಬಿರಾಗಿ ತೆಗೆಯುತ್ತ ಬರುತ್ತಾರೆ. ನಮ್ಮ ಹುಣಿಸೆಯಲ್ಲಿ ನಾರು ಒಂದು ಪದರ ಈ ಕಡೆಗೆ, ಮುಂದಿನದು ಆ ಕಡೆಗೆ ವಾಲಿರುವುದರಿಂದ ಗಂಟಿಲ್ಲದ ಜಾಗವೂ ಕೊಡಲಿಗೆ ಬಗ್ಗುವುದಿಲ್ಲ. ಅದೇ ಕಾರಣಕ್ಕೆ ಹುಣಿಸೆಯ ಕೊರಡು ಕಸಾಯಿಖಾನೆಯ ಕಡಿಯುವ ಮಣೆಗೆ ಹೇಳಿ ಮಾಡಿಸಿದ್ದು.

ನಾರ್ವೆಯವರು ಸೀಳಲು ಕೊರೆಯುವ ಚಳಿಯ ದಿನ ಆರಿಸಿಕೊಳ್ಳುವುದರ ಗುಟ್ಟೂ ನೀರೇ. ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೆ ಹಸಿಮರದ ನೀರು ಹೆಪ್ಪುಗಟ್ಟಿ, ಬಾಗಿ ಬಳುಕುತ್ತಿದ್ದ ನಾರು ಪೆಡಸಾಗುತ್ತದೆ. ಬೇಸಿಗೆಯಲ್ಲಿ ಕೊಡಲಿಯನ್ನು ಕಚ್ಚಿ ಹಿಡಿಯುವ ದಿಮ್ಮಿ ಆಗ ಒಂದೇ ಏಟಿಗೆ ಹೋಳಾಗುತ್ತದೆ.

ಯಾವ ಮರ ಒಳ್ಳೆಯದು?

ಈ ಪ್ರಶ್ನೆಗೆ ಊರಿಗೊಂದು ಉತ್ತರ ಇದೆ, ಪ್ರತಿಯೊಂದರ ಹಿಂದೆಯೂ ಹೆಮ್ಮೆ ಇದೆ. ತಕ್ಕಡಿಯ ಮುಂದೆ ಮಾತ್ರ ಜಗಳ ಬೇಗ ಮುಗಿಯುತ್ತದೆ. ಸಮನಾಗಿ ಒಣಗಿದ್ದರೆ ಒಂದು ಕಿಲೊ ಸ್ಪ್ರೂಸ್, ಒಂದು ಕಿಲೊ ಬರ್ಚ್, ಒಂದು ಕಿಲೊ ಓಕ್ ಕೊಡುವ ಶಾಖದಲ್ಲಿ ಹೆಚ್ಚು ಕಡಿಮೆ ವ್ಯತ್ಯಾಸವಿಲ್ಲ. ಪೈನ್ ಜಾತಿಯ ಮರಗಳು ರಾಳದಿಂದಾಗಿ ಕೂದಲೆಳೆಯಷ್ಟು ಮುಂದೆಯೇ ಇರುತ್ತವೆ. ವ್ಯತ್ಯಾಸ ಇರುವುದು ಗಾತ್ರದಲ್ಲಿ. ಒಂದು ಘನ ಮೀಟರ್ ಒಣ ಸ್ಪ್ರೂಸ್ 400ರಿಂದ 450 ಕಿಲೊ ತೂಗಿದರೆ ಬರ್ಚ್ 640ರ ಆಸುಪಾಸು, ಓಕ್ 700ರ ಹತ್ತಿರ. ಅಷ್ಟೇ ದೊಡ್ಡ ಕೊಟ್ಟಿಗೆಯಲ್ಲಿ ಓಕ್ ತುಂಬಿಸಿದವರಿಗೆ ಒಂದೂವರೆ ಪಟ್ಟು ಶಾಖ, ರಾತ್ರಿಯಿಡೀ ಉಳಿಯುವ ಕೆಂಡ. ಸ್ಪ್ರೂಸ್ ಬೇಗ ಹೊತ್ತಿಕೊಂಡು ಬೇಗ ಮುಗಿಯುತ್ತದೆ. ಒಲೆ ಹೊತ್ತಿಸಲು, ಇನ್ನೂ ಚಳಿ ಬಲಿಯದ ದಿನಗಳಿಗೆ ಅದೇ ಸರಿ.

ತೂಕಕ್ಕಿಂತಲೂ ನೀರು ಮರಮರಕ್ಕೆ ಹೆಚ್ಚು ಬದಲಾಗುತ್ತದೆ. ಆಗತಾನೇ ಕಡಿದ ಆಶ್ ಮರದಲ್ಲಿ ನೂರು ಕಿಲೊ ಒಣನಾರಿಗೆ 45 ಕಿಲೊ ನೀರಿದ್ದರೆ, ಅಮೆರಿಕದ ಕಾಟನ್‌ವುಡ್‌ನಲ್ಲಿ 150 ಕಿಲೊ ಮೀರುತ್ತದೆ. ಅಂದರೆ ಅದರಲ್ಲಿ ಮರಕ್ಕಿಂತ ನೀರೇ ಹೆಚ್ಚು. ಹಸಿ ಆಶ್ ಕೂಡ ಉರಿಯುತ್ತದೆ ಎಂದು ಇಂಗ್ಲೆಂಡಿನ ಹಳ್ಳಿಗರು ಕೊಂಡಾಡುವುದಕ್ಕೆ ಆಧಾರ ಇಲ್ಲಿದೆ. ಕರ್ನಾಟಕದ ಬಯಲುಸೀಮೆ ಮತ್ತು ಕರಾವಳಿಯಲ್ಲಿ ಈ ಕೀರ್ತಿ ಗಾಳಿಮರದ್ದು: ಭಾರ, ನೇರ, ಹಸಿಯಿದ್ದಾಗಲೂ ಉರಿಯುತ್ತದೆ. ಬೂರುಗದ ಹಗುರ ಕಟ್ಟಿಗೆಯನ್ನು ಸೌದೆಗೆಂದು ಯಾರೂ ಆಸೆಪಟ್ಟು ತರುವುದಿಲ್ಲ.

ಕಡಿಯುವ ಕಾಲವೂ ಲೆಕ್ಕಕ್ಕೆ ಬರುತ್ತದೆ. ಚಿಗುರುವ ಮೊದಲು ಕಡಿಯುವುದು ನಾರ್ವೆಯ ಸಾಮಾನ್ಯ ಪದ್ಧತಿ. ತಡವಾಗಿ, ಎಲೆ ಬಂದ ಮೇಲೆ ಕಡಿಯಬೇಕಾದರೆ ಅವರು ಕೊಂಬೆಗಳನ್ನು ಸವರದೆ ಮರವನ್ನು ಕೆಲವು ವಾರ ಹಾಗೆಯೇ ಬಿಡುತ್ತಾರೆ. ಬೇರು ಹೋಗಿದೆ ಎಂಬುದು ಎಲೆಗೆ ತಿಳಿಯದು. ಅದು ತನ್ನ ಕೆಲಸ ಮುಂದುವರಿಸಿ ಕಾಂಡದ ನೀರನ್ನು ಹೀರಿ ಗಾಳಿಗೆ ಬಿಡುತ್ತಿರುತ್ತದೆ. ಎಲೆ ಬಾಡಿ ಉದುರುವ ಹೊತ್ತಿಗೆ ಒಣಗಿಸುವ ಕೆಲಸದ ಒಂದು ಪಾಲು ಮರವೇ ಮಾಡಿಕೊಟ್ಟಿರುತ್ತದೆ. ಬುದ್ಧಿವಂತಿಕೆಯ ಪದ್ಧತಿ ಇದು.

ಒಟ್ಟುವುದರ ಲೆಕ್ಕ

2013ರ ಫೆಬ್ರವರಿ 15ರಂದು ನಾರ್ವೆಯ ಸರ್ಕಾರಿ ಟಿವಿ ಎನ್‌ಆರ್‌ಕೆ ಹನ್ನೆರಡು ಗಂಟೆಗಳ ಒಂದು ಕಾರ್ಯಕ್ರಮ ಪ್ರಸಾರ ಮಾಡಿತು. ಮೊದಲ ನಾಲ್ಕು ಗಂಟೆ ಕಟ್ಟಿಗೆ ಕಡಿಯುವ, ಸೀಳುವ, ಒಟ್ಟುವ ಮಾತು. ಉಳಿದ ಎಂಟು ಗಂಟೆ ಬೆರ್ಗನ್ ನಗರದ ಒಂದು ಅಗ್ಗಿಷ್ಟಿಕೆಯಲ್ಲಿ ಸೌದೆ ಉರಿಯುವುದು, ಅಷ್ಟೇ. ಲಾರ್ಸ್ ಮಿಟ್ಟಿಂಗ್ 2011ರಲ್ಲಿ ಬರೆದ ಸೌದೆಯ ಕುರಿತ ಪುಸ್ತಕ ಅದಕ್ಕೆ ಪ್ರೇರಣೆ. ಐವತ್ತು ಲಕ್ಷ ಜನರ ದೇಶದಲ್ಲಿ ಹತ್ತು ಲಕ್ಷದ ಹತ್ತಿರ ಮಂದಿ ಒಂದಲ್ಲ ಒಂದು ಹೊತ್ತಿನಲ್ಲಿ ಅದನ್ನು ನೋಡಿದರು. ಬಂದ ದೂರುಗಳಲ್ಲಿ ಅರ್ಧ, ತೊಗಟೆಯನ್ನು ಮೇಲೆ ಮಾಡಿ ಜೋಡಿಸಿದ್ದಾರೆ ಎಂದು. ಇನ್ನರ್ಧ, ಕೆಳಗೆ ಮಾಡಿ ಜೋಡಿಸಿದ್ದಾರೆ ಎಂದು.

ಇಬ್ಬರಲ್ಲೂ ತಿರುಳಿದೆ. ಬಯಲಿನಲ್ಲಿ ಒಟ್ಟಿದ ರಾಶಿಯ ಮೇಲಿನ ಸಾಲಿಗೆ ಮಳೆ ಬೀಳುತ್ತದೆ. ಅಲ್ಲಿ ತೊಗಟೆ ಮೇಲಿರಬೇಕು, ಅದು ನೀರನ್ನು ಜಾರಿಸುತ್ತದೆ. ಮಾಡಿನ ಕೆಳಗೆ ಆ ಭಯವಿಲ್ಲದ್ದರಿಂದ ಸೀಳಿದ ಮುಖ ತೆರೆದಿದ್ದರೆ ಸಾಕು, ಯಾವ ಕಡೆಗಾದರೂ ಸರಿ. ಇಷ್ಟು ಬಿಸಿಬಿಸಿ ವಾದಕ್ಕೆ ಅದು ತಕ್ಕ ವಿಷಯವಲ್ಲ. ಕೊಯ್ದ ತುದಿಗಳು ಗಾಳಿಗೆ ಎದುರಾಗಿವೆಯೇ, ಕೆಳಗಿನ ಸಾಲು ನೆಲ ಮುಟ್ಟದಂತೆ ಗಳುಗಳ ಮೇಲೆ ಕೂತಿದೆಯೇ, ಎರಡು ಸಾಲುಗಳ ನಡುವೆ ಗಾಳಿಯಾಡುತ್ತದೆಯೇ ಎಂಬುದು ನೂರು ಪಾಲು ಮುಖ್ಯ.

ಏಕೆಂದರೆ ಕೊಳವೆಯ ಬಾಯಿಗೆ ಬಂದ ನೀರನ್ನು ಹೊತ್ತೊಯ್ಯುವುದು ಗಾಳಿ. ರಾಶಿಯೊಳಗೆ ನಿಂತ ಗಾಳಿ ಸ್ವಲ್ಪ ಹೊತ್ತಿನಲ್ಲೇ ತೇವದಿಂದ ತುಂಬಿಹೋಗಿ ಇನ್ನು ಹೊರಲಾರದ ಸ್ಥಿತಿ ಮುಟ್ಟುತ್ತದೆ. ಅದು ಸರಿದು ಹೊಸ ಗಾಳಿ ಬಂದರೇ ಕೆಲಸ ಮುಂದುವರಿಯುವುದು. ಪ್ಲಾಸ್ಟಿಕ್ ಹೊದಿಕೆಯನ್ನು ನೆಲದವರೆಗೆ ಇಳಿಬಿಟ್ಟು ಸುತ್ತುವವರು ಮಳೆಯನ್ನು ಹೊರಗಿಟ್ಟಷ್ಟೇ ಭದ್ರವಾಗಿ ತೇವವನ್ನು ಒಳಗಿಡುತ್ತಾರೆ. ಹೊದಿಕೆ ನೆತ್ತಿಗೆ ಸಾಕು, ಮೈಗೆ ಬೇಡ.

ಕಟ್ಟಿಗೆ ಎಂದೂ ಪೂರ್ತಿ ಒಣಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸುತ್ತಲಿನ ಗಾಳಿಯ ತೇವಕ್ಕೆ ಸರಿಹೊಂದುವ ತನಕ ಮಾತ್ರ ಅದು ನೀರು ಬಿಡುತ್ತದೆ. ಗಾಳಿಯ ತೇವ ನೂರಕ್ಕೆ 65 ಇದ್ದಲ್ಲಿ ನೂರು ಕಿಲೊ ನಾರಿನಲ್ಲಿ 12 ಕಿಲೊ ನೀರು ಉಳಿಯುತ್ತದೆ. 90 ಇದ್ದಲ್ಲಿ 20 ಕಿಲೊ. ಒಣಗಿದ ಕಟ್ಟಿಗೆಯೂ ಗಾಳಿಯಲ್ಲಿ ತೇವ ಹೆಚ್ಚಿದರೆ ವಾಪಸು ಹೀರಿಕೊಳ್ಳುತ್ತದೆ. ನಾರ್ವೆಯ ಒಳನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಗಾಳಿ ಒಣ. ಚಳಿಗಾಲದ ಕೊನೆಗೆ ಸೀಳಿದ್ದನ್ನು ಆ ಗಾಳಿಗೆ ಒಡ್ಡಿ, ಶರತ್ಕಾಲದ ಮಳೆ ಶುರುವಾಗುವ ಮೊದಲು ಒಳಗೆ ಸೇರಿಸುವುದು ಅಲ್ಲಿನ ಕ್ರಮ.

ಮಲೆನಾಡಿನಲ್ಲಿ ಹಿಮದ ಜಾಗದಲ್ಲಿ ಮಳೆಯಿದೆ. ಸುಗ್ಗಿ ಮುಗಿದ ಮೇಲೆ ಕಡಿದು, ಬೇಸಿಗೆಯ ಬಿಸಿಲಲ್ಲಿ ಒಡೆದು, ಜೂನ್ ಹೊತ್ತಿಗೆ ಕೊಟ್ಟಿಗೆಯಲ್ಲಿ ಒಟ್ಟಿಟ್ಟ ಮನೆಗೆ ಮುಂದಿನ ನಾಲ್ಕು ತಿಂಗಳು ಬಚ್ಚಲೊಲೆಯ ಚಿಂತೆಯಿಲ್ಲ. ಆಗುಂಬೆ, ಹುಲಿಕಲ್ಲಿನ ಸುತ್ತ ವಾರಗಟ್ಟಲೆ ಬಿಡದೆ ಸುರಿಯುವಾಗ ಮಾಡಿನ ಕೆಳಗಿನ ಒಣಸೌದೆ ಒಂದಿಷ್ಟು ತೇವ ಹೀರಿಕೊಂಡರೂ ಉರಿಯುವ ಮಿತಿಯೊಳಗೇ ಉಳಿಯುತ್ತದೆ. ಮೇಲಿನ ಅಂಕಿಗಳು ಅದನ್ನೇ ಹೇಳುತ್ತವೆ. ಆದರೆ ಹಸಿಯಾಗಿ ಒಳಸೇರಿದ ಸೌದೆ ಆ ಗಾಳಿಯಲ್ಲಿ ಬಿಡಿನೀರನ್ನು ಕಳೆದುಕೊಳ್ಳಲು ತಿಂಗಳುಗಟ್ಟಲೆ ತಡಕಾಡುತ್ತದೆ, ಅಷ್ಟರಲ್ಲಿ ಅಣಬೆ, ಗೆದ್ದಲು ಹಿಡಿಯುತ್ತವೆ. ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕಾರು ತುಂಡು ಇಟ್ಟು ಬಿಸಿಗೆ ಒಡ್ಡುವ ರೂಢಿ ಈ ಸಂಕಟಕ್ಕೆ ಕಂಡುಕೊಂಡ ಪರಿಹಾರ.

ಒಣಸೌದೆ ಬೇಕೆಂದರೆ ಆರು ತಿಂಗಳ ದಾಸ್ತಾನು ಇರಬೇಕು, ಅದನ್ನಿಡಲು ಮಾಡು ಇರಬೇಕು. ದಿನದಿನದ ಸೌದೆಯನ್ನು ದಿನದಿನವೇ ತಲೆಹೊರೆಯಲ್ಲಿ ತರುವ ಹೆಣ್ಣುಮಕ್ಕಳಿಗೆ ಇವೆರಡೂ ಇಲ್ಲ. ಹೊಗೆಯ ಪಾಲು ಅವರಿಗೇ ಹೆಚ್ಚು ಬರುವುದು ತಿಳಿವಳಿಕೆಯ ಕೊರತೆಯಿಂದಲ್ಲ. ಕಾಯುವಷ್ಟು ಕಟ್ಟಿಗೆ ಕೂಡಿಡಲಾಗದ ಬಡತನದಿಂದ.

ಒಲೆ ಮಾಡಬಹುದಾದದ್ದು

ನೀರನ್ನು ಕಟ್ಟಿಗೆಯಿಂದ ತೆಗೆದ ಮೇಲೂ ಅನಿಲ ಉರಿಸುವ ಹೊಣೆ ಒಲೆಯ ಮೇಲಿದೆ. ನಾರ್ವೆಯಲ್ಲಿ 1998ರಿಂದ ಹೊಸದಾಗಿ ಮಾರುವ ಕಟ್ಟಿಗೆ ಒಲೆಗಳು ಹೊಗೆಯ ಮಿತಿಯನ್ನು ಪಾಲಿಸಲೇಬೇಕು. ಇವುಗಳಲ್ಲಿ ಬುಡದ ಗಾಳಿಯ ಜತೆಗೆ, ಮೊದಲೇ ಬಿಸಿಯಾದ ಇನ್ನೊಂದು ಗಾಳಿಯನ್ನು ಜ್ವಾಲೆಯ ಮೇಲ್ಭಾಗಕ್ಕೆ ಬಿಡುತ್ತಾರೆ. ಉರಿಯದೆ ತಪ್ಪಿಸಿಕೊಂಡು ಹೋಗುತ್ತಿದ್ದ ಅನಿಲ ಅಲ್ಲಿ ಎರಡನೆಯ ಸಲ ಹೊತ್ತಿಕೊಳ್ಳುತ್ತದೆ. ಸೌದೆಯನ್ನು ಮೇಲಿನಿಂದ ಹೊತ್ತಿಸಿ ಎಂದು ಅಲ್ಲಿ ಹೇಳಿಕೊಡುವುದೂ ಇದಕ್ಕೇ: ಕೆಳಗಿನ ತುಂಡುಗಳಿಂದ ಏಳುವ ಅನಿಲ ಮೇಲಿನ ಜ್ವಾಲೆಯನ್ನು ಹಾದೇ ಹೋಗಬೇಕಾಗುತ್ತದೆ.

ಕರ್ನಾಟಕದಲ್ಲಿ ಇದೇ ಪ್ರಶ್ನೆಗೆ ಕೈಹಾಕಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಎ.ಕೆ.ಎನ್. ರೆಡ್ಡಿ 1974ರಲ್ಲಿ ಅಲ್ಲಿ ಕಟ್ಟಿದ ಅಸ್ತ್ರ ಕೇಂದ್ರದಿಂದ ಹೊರಬಂದ ಅಸ್ತ್ರ ಒಲೆ 1980ರ ದಶಕದಲ್ಲಿ ರಾಜ್ಯದ ಹಳ್ಳಿಗಳನ್ನು ತಲುಪಿತು. ಕಟ್ಟಿಗೆಯ ಕೆಳಗೊಂದು ಜಾಲರಿ, ಗಾಳಿ ಕೆಳಗಿನಿಂದ ಬರುತ್ತದೆ, ಬೂದಿ ಉದುರುತ್ತದೆ. ಸುತ್ತ ಮುಚ್ಚಿದ ಗೂಡು, ಬಿಸಿ ಸೋರುವುದಿಲ್ಲ. ಹೊಗೆಗೆ ಚಿಮಣಿ. ಮೂರು ಕಲ್ಲಿನ ಒಲೆಗಿಂತ ಕಡಿಮೆ ಸೌದೆ ಸಾಕು. ಅದರ ಗೂಡಿನ ಬಾಯಿಗೆ ದಪ್ಪ ಕೊರಡು ಹಿಡಿಸುವುದಿಲ್ಲ, ತುಂಡು ಮಾಡಿ ಸೀಳಿದ ಸೌದೆಯೇ ಬೇಕು ಎಂದು ಕೆಲವರು ಗೊಣಗಿದ್ದುಂಟು. ಸೀಳಿದ ಸೌದೆ ಬೇಗ ಒಣಗುತ್ತದೆ, ಬೇಗ ಅನಿಲ ಬಿಡುತ್ತದೆ; ಆ ಚಿಕ್ಕ ಬಾಯಿಯಿಂದ ಅನುಕೂಲವೇ ಆಯಿತು.

ಒಣಗಿತೇ ಎಂದು ಅಳೆಯಲು ಈಗ ಎರಡು ಮುಳ್ಳಿನ ಚಿಕ್ಕ ಮೀಟರ್‌ಗಳು ಸಿಗುತ್ತವೆ. ತೇವ ಹೆಚ್ಚಿದ್ದಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ ಎಂಬ ತತ್ವದ ಮೇಲೆ ಅವು ನಡೆಯುತ್ತವೆ. ಹೊರಮೈಗೆ ಚುಚ್ಚಿದರೆ ಅವು ಯಾವಾಗಲೂ ಸಮಾಧಾನದ ಅಂಕಿಯನ್ನೇ ತೋರಿಸುತ್ತವೆ, ಏಕೆಂದರೆ ಹೊರಮೈ ಮೊದಲು ಒಣಗುತ್ತದೆ. ತುಂಡನ್ನು ಇನ್ನೊಮ್ಮೆ ಸೀಳಿ, ಹೊಸದಾಗಿ ತೆರೆದ ಮುಖದ ನಡುವೆ, ಎರಡೂ ತುದಿಗಳಿಂದ ಅತಿ ದೂರದ ಜಾಗದಲ್ಲಿ ಚುಚ್ಚಬೇಕು. ಮೀಟರ್ ಇಲ್ಲದವರು ಒಟ್ಟುವ ದಿನವೇ ಒಂದು ತುಂಡಿನ ಮೇಲೆ ಅದರ ತೂಕವನ್ನು ಬರೆದು ರಾಶಿಯ ನಡುವೆ ಇಟ್ಟು, ವಾರಕ್ಕೊಮ್ಮೆ ತೆಗೆದು ತೂಗುತ್ತ ಹೋಗಬಹುದು. ಆ ವರ್ಷದ ಗಾಳಿ ತೆಗೆಯಬಹುದಾದ ನೀರನ್ನೆಲ್ಲ ತೆಗೆದ ವಾರ ತಕ್ಕಡಿಯ ಮುಳ್ಳು ಹಿಂದಿನ ವಾರದ ಅಂಕಿಯಲ್ಲೇ ನಿಲ್ಲುತ್ತದೆ.